ಬರೀ ಅಭ್ಯಾಸಕ್ಕೆ

ಇಂಗ್ಲೆಂಡಿನ ನಾರ್ಫಕ್ ಜಿಲ್ಲೆಯ ಮೇಲೆ ಎಲ್ಲೋ ಇರಬೇಕು ಎಂಬುದಷ್ಟೇ ಲಯನಲ್ ಟಕ್‌ಗೆ ಗೊತ್ತಿದ್ದದ್ದು. ಕೆಳಗೆ ಮಂಜಿನ ಮುಸುಕು. ಅದರ ತೂತುಗಳಲ್ಲಿ ಇಣುಕುವ ಬೀಟ್‌ಗೆಡ್ಡೆಯ ಹೊಲಗಳೆಲ್ಲ ಒಂದೇ ಅಚ್ಚಿನವು. ಅವನ ಪುಟ್ಟ ವಿಮಾನದಲ್ಲಿ ಉಳಿದದ್ದು ನಲವತ್ತು ನಿಮಿಷದ ಪೆಟ್ರೋಲು. ಅವನೋ ನಿವೃತ್ತ ಹಲ್ಲಿನ ಡಾಕ್ಟರು, ಚಳಿಗಾಲವಿಡೀ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಕ್ಷೆ ಓದುವ ಪಾಠ ಹೇಳುವವನು.

ಸಮುದ್ರ ಎಡಗಡೆ ಇರಬೇಕಿತ್ತಲ್ಲವೇ ಎಂದು ಪಕ್ಕದಲ್ಲಿ ಕೂತ ಹೆಂಡತಿ ಹೆಸ್ಟರ್ ಕೇಳಿದಳು. ಇದೆ, ಸ್ವಲ್ಪ ಆಚೆಗಿದೆ ಎಂದ. ರೇಡಿಯೋದಲ್ಲಿ ಯಾರನ್ನಾದರೂ ಕೇಳಬಾರದೇ ಎಂದಳು. ಇಂಜಿನ್ನಿನ ಸದ್ದಿಗೆ ಅದು ಅವನಿಗೆ ಕೇಳಿಸಲೇ ಇಲ್ಲ.

ಆದರೆ ಮೀಸೆ ಮಣ್ಣಾಗದಂತೆ ಬೀಳಲು ಅಲ್ಲಿನ ಪೈಲಟ್‌ಗಳಿಗೆ ಒಂದು ಸವಲತ್ತಿದೆ. ದಾರಿ ತಪ್ಪಿದವರಿಗೆ ನೆರವಾಗುವ ತುರ್ತು ಕೇಂದ್ರವನ್ನು ‘ಬರೀ ಅಭ್ಯಾಸಕ್ಕೆ’ ಎಂದು ರೇಡಿಯೋದಲ್ಲಿ ಕರೆದರೂ ಅವರು ನೀವಿರುವ ಜಾಗ ಹುಡುಕಿ ಹೇಳುತ್ತಾರೆ. ಲಯನಲ್ ಗಂಟಲು ಸರಿಮಾಡಿಕೊಂಡು, ತಾನೆಲ್ಲಿದ್ದೇನೆಂದು ತನಗೇನೋ ಚೆನ್ನಾಗಿ ಗೊತ್ತಿದೆ, ಅಭ್ಯಾಸಕ್ಕಾಗಿ ನೀವೂ ಹೇಳಿ ನೋಡೋಣ ಎಂದು ಕರೆದ.

ಅಷ್ಟರಲ್ಲಿ ಇನ್ನೊಂದು ವಿಮಾನದಿಂದ ಒಂದು ದನಿ ಅಡ್ಡ ಬಂತು. ಅವನದೇ ನಕ್ಷೆ ಪಾಠಕ್ಕೆ ಬಂದು ಮುಂದಿನ ಬೆಂಚಿನಲ್ಲಿ ಕೂರುವ ಮುರಿಯಲ್ ಕ್ಯಾಟರ್‌ಮೋಲ್‌ಳದು.

“ನಾನು ಪೂರ್ತಿ ದಾರಿ ತಪ್ಪಿದೀನಪ್ಪ. ಕೆಳಗೆ ಬರೀ ಹಂದಿಗಳು.”

“ನಿಮ್ಮದು ಅಭ್ಯಾಸ ಅಲ್ವಾ ಸರ್,” ಎಂದ ಕೇಂದ್ರದವನು ಲಯನಲ್‌ಗೆ. “ಸ್ವಲ್ಪ ಕಾಯ್ತೀರಾ? ಇವರದು ನಿಜವಾದದ್ದು.”

ಅವಸರವೇನೂ ಇಲ್ಲ ಎಂದ ಲಯನಲ್. ಹೆಸ್ಟರ್ ಪೆಟ್ರೋಲಿನ ಮುಳ್ಳನ್ನು ನೋಡಿದಳು, ಗಂಡನನ್ನು ನೋಡಿದಳು.

ಮುರಿಯಲ್‌ಳನ್ನು ರನ್‌ವೇ ತನಕ ಕೈಹಿಡಿದು ನಡೆಸಿದಂತೆ ನಡೆಸಲು ಹದಿನೈದು ನಿಮಿಷ ಹಿಡಿಯಿತು. ಯಾರೂ ಕೇಳದಿದ್ದರೂ ಅವಳು ಹಂದಿಗಳನ್ನು ವಿವರವಾಗಿ ಬಣ್ಣಿಸಿದಳು. ಕೊನೆಗೂ ಕೇಂದ್ರದವನು ಲಯನಲ್‌ನತ್ತ ತಿರುಗಿದ.

“ಕಾದಿದ್ದಕ್ಕೆ ಥ್ಯಾಂಕ್ಸ್ ಸರ್. ಅಭ್ಯಾಸ ಅಂದ್ಮೇಲೆ ಸರಿಯಾಗೇ ಮಾಡೋಣ. ಮೊದಲು ನೀವೆಲ್ಲಿದೀರ ಅಂತ ನೀವು ಹೇಳಿ. ಸರಿನಾ ತಪ್ಪಾ ನಾನು ನೋಡ್ತೀನಿ.”

ಲಯನಲ್ ನಕ್ಷೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದ. ಎರಡೂ ಕಡೆಯಿಂದ ನಾರ್ಫಕ್ ಚೆನ್ನಾಗಿಯೇ ಇತ್ತು. ಪೆಟ್ರೋಲಿನ ಮುಳ್ಳು ಮಾತ್ರ ಇನ್ನಷ್ಟು ಕೆಳಗಿಳಿದಿತ್ತು.

“ನಂಗೆ,” ಎಂದ. “ನಂಗೆ ದಾರಿ ಗೊತ್ತಿಲ್ಲ.”

“ಪರವಾಗಿಲ್ಲ ಸರ್. ನೀವಿರೋದು ನಾರ್ಫಕ್ ಆಚೆ, ಲಿಂಕನ್‌ಶೈರ್ ಮೇಲೆ. ಬಲಕ್ಕೆ ತಿರುಗಿ, ಎಂಟು ನಿಮಿಷಕ್ಕೆ ಒಂದು ರನ್‌ವೇ ಸಿಗುತ್ತೆ.”

ಲಯನಲ್ ತಿರುಗಿಸುತ್ತಿದ್ದಂತೆ ಹೆಸ್ಟರ್ ಮೈಕಿನ ಗುಂಡಿ ಒತ್ತಿ, ಇಲ್ಲಿ ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದೆಯೇ ಎಂದು ವಿಚಾರಿಸಿದಳು. ಆಗುತ್ತದೆ ಎಂದ ಕೇಂದ್ರದವನು.

“ಮೂವತ್ತೊಂದು ವರ್ಷದಲ್ಲಿ ಕಾರಲ್ಲೂ ಒಂದ್ಸಲ ಈ ಮಾತು ಅಂದಿಲ್ಲ ಇವರು. ನಂಗೊಂದು ಕಾಪಿ ಸಿಗುತ್ತೇನಪ್ಪ?”