ಬಾಳೆ ಎಲೆಯ ಹಿಂಬದಿಯ ಬಣ್ಣ

ಪಡಸಾಲೆಯ ಗೋಡೆಯಿಂದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕುತ್ತಿದ್ದೆ. ಕ್ಯಾಲೆಂಡರು, ಕನ್ನಡಿ, ಅಪ್ಪನ ಫೋಟೋ ಆಗಲೇ ಅಡುಗೆಮನೆ ಸೇರಿದ್ದವು. ಅವ್ವ ಟ್ರಂಕಿನ ಮೇಲೆ ಹಳೆ ಸೀರೆ ಹೊದಿಸುತ್ತಿದ್ದಳು.

ಕಂಪ್ಲಿಯ ನಮ್ಮ ಮನೆಗೆ ನನಗೆ ತಿಳಿದಾಗಿನಿಂದ ಗುಲಾಬಿ ಬಣ್ಣವೇ. ಆ ಗೋಡೆಯ ಮುಂದೆ ಕೂಡಿಸಿಯೇ ನನ್ನನ್ನು ಬುಕ್ಕಸಾಗರದವರಿಗೆ ತೋರಿಸಿದ್ದರು. ಅವರು ಊರಿಗೆ ಹೋಗಿ, ಹುಡುಗಿ ಕಪ್ಪು ಅಂತ ಹೇಳಿ ಕಳಿಸಿದರು. ಅತ್ತಿಗೆ ಅನ್ನಪೂರ್ಣ ತಪ್ಪನ್ನು ಗೋಡೆಯ ಮೇಲೆ ಹಾಕಿದಳು. ಗುಲಾಬಿಯ ಮುಂದೆ ಮುಖ ಕಂದುತ್ತದೆ, ತೆಳು ಬೂದುಹಸಿರಿನ ಮುಂದೆ ಯಾರಾದರೂ ಬೆಳ್ಳಗೆ ಕಾಣುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದ್ದಳಂತೆ. ಭಾನುವಾರ ನನ್ನನ್ನು ನೋಡಲು ದೋಣಿಮಲೈಯವರು ಬರುವವರಿದ್ದರು. ಅವರು ಒಪ್ಪಿದರೆ ಅವತ್ತೇ ತಾಂಬೂಲ ಅಂತ ಅಣ್ಣ ಲಿಂಗರಾಜ್ ಮಾತು ಕೊಟ್ಟಾಗಿತ್ತು.

ಪೇಂಟರ್ ಮಾರೇಶ್ ಬಣ್ಣ ಕಲೆಸಿ ಗೋಡೆಗೆ ಮೂರು ಪಟ್ಟೆ ಎಳೆದ.

“ಹುಲಿಗಿ, ಬಾ ಇಲ್ಲಿ. ಮೊದಲನೇದರ ಮುಂದ ನಿಂದ್ರು,” ಅಂದಳು ಅತ್ತಿಗೆ.

ನಿಂತೆ. ಅಣ್ಣ ಮೊಬೈಲಿನಲ್ಲಿ ಫೋಟೋ ತೆಗೆದ.

“ಇದ್ರಾಗ ಜ್ವರ ಬಂದಂಗ ಕಾಣ್ತಾಳ. ಆ ಕಡಿ ಸರಿ,” ಅಂದಳು ಅತ್ತಿಗೆ ಫೋಟೋ ನೋಡಿ.

“ಗೋಡಿಗೆ ಆನಬ್ಯಾಡವ್ವ, ಹಸಿ ಐತಿ,” ಅಂದ ಮಾರೇಶ್. “ಸೋಫಾ ಇಟ್ಟು ಬಣ್ಣ ಆರಿಸೋರನ್ನ ನೋಡೀನಿ. ಮನುಷ್ಯಾರನ್ನ ನಿಂದ್ರಿಸಿ ಆರಿಸೋರು ನೀವ ಮೊದಲು ನೋಡ್ರಿ.”

“ನಿನ್ನ ಕೆಲಸ ನೀ ನೋಡಪ್ಪ. ನಮ್ಮ ಸಂಕಟ ನಮಗ,” ಅಂದಳು ಅವ್ವ.

ಎರಡನೆಯದೂ ಅತ್ತಿಗೆಗೆ ಹಿಡಿಸಲಿಲ್ಲ. ಮೂರನೆಯ ಪಟ್ಟೆ ಬಾಳೆ ಎಲೆಯ ಹಿಂಬದಿಯ ಬಣ್ಣದ್ದು, ಬೂದಿ ಸವರಿದಂಥ ಹಸಿರು. ನನಗೆ ಹಿಡಿಸಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೆ ಬೆನ್ನು ಮಾಡಿ ನಿಂತ ಮೇಲೆ ಅದು ನನಗೆ ಕಾಣಲೂ ಇಲ್ಲ.

“ಹಾಂ, ಇದು. ಗದ್ದ ಎತ್ತು. ನಗು. ಅಷ್ಟ್ ಬ್ಯಾಡ,” ಅಂದಳು ಅತ್ತಿಗೆ.

ಅಣ್ಣ ನನ್ನ ಫೋಟೋ ಎಲ್ಲರಿಗೂ ತೋರಿಸಿ, ಬೆರಳಿನಿಂದ ಸರಿಸಿ, ದೋಣಿಮಲೈ ಹುಡುಗನ ಫೋಟೋ ತೋರಿಸಿದ. ಅವ್ವ ಬಗ್ಗಿ ನೋಡಿ, “ಇವನ ಬಾಜೂಕ ನಿಂತ್ರ ನಡೀತೈತಿ ಬಿಡು,” ಅಂದಳು. ಮಾರೇಶ್ ಕೂಡ ಬ್ರಶ್ ಹಿಡಿದೇ ಇಣುಕಿದ.

“ಹುಡುಗನೂ ಕರ್ರಗ ಅದಾನಲ್ರಿ?”

“ಗಂಡಸ್ರಿಗೆ ಯಾವ ಗೋಡಿ ಆದ್ರೂ ನಡೀತೈತಿ,” ಅಂದಳು ಅತ್ತಿಗೆ. ಎಲ್ಲರೂ ನಕ್ಕರು.

ನಾನು ನಿಂತಲ್ಲೇ ಇದ್ದೆ. ಸಾಕು ಅಂತ ಯಾರೂ ಹೇಳಿರಲಿಲ್ಲ. ಜಡೆಗೆ ಹಸಿ ಬಣ್ಣ ತಾಗಿ ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ನನ್ನ ಕಡೆಗಿದ್ದದ್ದು ಮೊಬೈಲಿನ ಬೆನ್ನು ಮಾತ್ರ. ಆ ಹುಡುಗ ಕಂಪನಿ ಬಸ್ಸು ಓಡಿಸುತ್ತಾನೆ ಅನ್ನುವುದು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ.

ಅಣ್ಣ ಮೊಬೈಲನ್ನು ಜೇಬಿಗೆ ಹಾಕಿ, ಬಕೆಟ್ಟಿನ ಮುಚ್ಚಳ ತೆಗೆಯಲು ಮಾರೇಶನಿಗೆ ನೆರವಾದ.

“ಅಣ್ಣ, ಆ ಹುಡುಗನ ಫೋಟೋ ನನಗೂ ಒಂದ್ಸಲ ತೋರ್ಸು,” ಅಂದೆ.

ಮೊಬೈಲು ಅಣ್ಣನ ಜೇಬಿನಲ್ಲೇ ಉಳಿಯಿತು. ರೋಲರ್ ಗೋಡೆಯ ಮೇಲೆ ಓಡಾಡತೊಡಗಿತು.