ಬೇಸಿಗೆಗೆ ಸರಿಹೋಗುತ್ತಾಳೆ

ಡೆನಿಸ್ ಅಡುಗೆಮನೆಯ ನೆಲಕ್ಕೆ ಮಂಡಿಯೂರಿ, ಅಕ್ಕನ ಪಾದವನ್ನು ಅದರ ಆಸರೆಯ ಪ್ಲಾಸ್ಟಿಕ್ ಪಟ್ಟಿಯೊಳಗೆ ತೂರಿಸುತ್ತಿದ್ದಳು. ಪಾದ ಒಳಗೆ ಹೋಗಲೊಲ್ಲದು. ಹಿಮ್ಮಡಿಯನ್ನು ತುಸು ಜೋರಾಗಿಯೇ ಒತ್ತಿದಳು.

"ಅದು ಕಾಲು ಕಣೇ, ಆಲೂಗಡ್ಡೆ ಚೀಲ ಅಲ್ಲ," ಎಂದಳು ಗೇನರ್.

"ಆಲೂಗಡ್ಡೆ ಆಗಿದ್ರೆ ಇಷ್ಟು ಹಟ ಮಾಡ್ತಿರಲಿಲ್ಲ. ಈಗ್ಲೂ ಕಾಲ ಮಿಂಚಿಲ್ಲ ಗೇನ್. ಫೋನ್ ಮಾಡಿ ಬರಲ್ಲ ಅಂದ್ಬಿಡು. ದುಡ್ಡು ಬರ್ತಿದೆ, ಕಾರು ನಿಂತಿದೆ. ಸುಮ್ನೆ ಇರೋದನ್ನ ಕೆದಕಿ ಕಳ್ಕೊಳ್ಳೋಳು ಈ ಊರಲ್ಲಿ ನೀನೊಬ್ಬಳೇ."

ಕೈಕಾಲಿನ ನರಗಳು ಮೆಲ್ಲಗೆ ಸೊರಗುತ್ತಾ ಹೋಗುವ ಆ ಕಾಯಿಲೆ ಗೇನರ್‌ಗೆ ಅಮ್ಮನಿಂದ ಬಂದದ್ದು. ಮದ್ದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಪಾತ್ರೆಗಳು ಕೈಜಾರತೊಡಗಿದಾಗ ಕೆಲಸ ಬಿಟ್ಟಳು. ಸರ್ಕಾರ ಅಂಗವೈಕಲ್ಯದ ಭತ್ಯೆಯನ್ನೇನೋ ಕೊಟ್ಟಿತು, ಆದರೆ ಎರಡೇ ವರ್ಷಕ್ಕೆ. ಆ ಎರಡು ವರ್ಷವೂ ಕಾಗದದ ಮೇಲೆ ಮಾತ್ರ. ಅದು ಮುಗಿಯುವ ಎಷ್ಟೋ ಮೊದಲೇ ಮತ್ತೆ ಪ್ರಶ್ನಾವಳಿ, ಮತ್ತೆ ಮನೆಗೆ ಹೊಸ ಪರೀಕ್ಷಕರು. ವಾಸಿಯಾಗದ ಕಾಯಿಲೆಗೆ ಇಷ್ಟು ಕಡಿಮೆ ಅವಧಿ ಏಕೆ ಎಂದು ಅವಳು ಬರೆದು ಕೇಳಿದಳು. ಇಲಾಖೆ ಒಪ್ಪಲಿಲ್ಲ. ಈ ದಿನ ನ್ಯಾಯಮಂಡಳಿಯ ಮುಂದೆ ಮೇಲ್ಮನವಿ.

ಡೆನಿಸ್‌ಗಿದ್ದ ಭಯ ಸುಳ್ಳಲ್ಲ. ಅವಧಿ ಹೆಚ್ಚಿಸಿ ಎಂದು ಹೋದವರ ಭತ್ಯೆಯನ್ನೇ ಪೂರ್ತಿ ಕಿತ್ತುಕೊಳ್ಳುವ ಅಧಿಕಾರ ಆ ಮಂಡಳಿಗಿತ್ತು. ಕಾರು ಸಿಕ್ಕಿದ್ದೂ ಆ ಭತ್ಯೆಯ ಲೆಕ್ಕದಲ್ಲೇ. ಅದು ಹೋದರೆ ಗುಡ್ಡದ ಮೇಲಿನ ಈ ಸಾಲುಮನೆಯಲ್ಲಿ ಗೇನರ್‌ಗೆ ಕಿಟಕಿಯೊಂದೇ ಗತಿ.

ಎಂದಿನಂತೆ ಹಿತ್ತಲ ಬಾಗಿಲಿನಿಂದಲೇ ಹೊರಟರು. ಹಿಂದಿನ ಓಣಿಯಲ್ಲಿ ಡೆನಿಸ್ ಅಕ್ಕನ ಸೊಂಟ ಹಿಡಿದು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಕಾರಿನೊಳಗೆ ಇಟ್ಟಳು. ಬೀದಿಯ ಕಣ್ಣಿಗೆ ಇದು ಬೀಳಬಾರದು. ಅಮ್ಮನ ಕಾಲದಿಂದಲೂ ಅದೇ ರೂಢಿ.

ಕಾರು ಮುಂದಿನ ಬೀದಿಗೆ ಬಂದಾಗ ಎದುರುಮನೆಯ ಕಾಲಿನ್ ಕಸದ ಡಬ್ಬಿ ಎಳೆಯುತ್ತಿದ್ದ. ಬಗ್ಗಿ ಕಿಟಕಿಯೊಳಗೆ ನೋಡಿದ. "ಸಮುದ್ರತೀರಕ್ಕಾ? ನನ್ನ ತೆರಿಗೆ ದುಡ್ಡಲ್ಲಿ ಹೋಗ್ತಿದ್ದೀರ, ಬರುವಾಗ ನಂಗೂ ಚಿಪ್ಸ್ ತನ್ನಿ."

"ನೀನು ಕಟ್ಟೋ ತೆರಿಗೇಲಿ ಅದಕ್ಕೆ ಚಿಮುಕಿಸೋ ವಿನೆಗರ್ ಕೂಡ ಬರಲ್ಲ ಕಾಲಿನ್," ಎಂದಳು ಗೇನರ್.

"ತುಟಿಗೆ ಬಣ್ಣ ಬೇರೆ. ಕಾಯಿಲೆ ಅಂದ್ರೆ ಹಿಂಗಿರಬೇಕಪ್ಪ."

ಡೆನಿಸ್ ಗಾಜು ಏರಿಸಿದಳು. ಅವನ ಮೇಲಿನ ಸಿಟ್ಟು ಅಕ್ಕನತ್ತ ತಿರುಗಿತು. "ಅದನ್ನ ಒರೆಸ್ಕೊ. ಡ್ಯಾನ್ಸಿಗೆ ಬಂದಿದ್ದೀಯ ಅಂದ್ಕೋತಾರೆ."

"ಕಳೆದ ಸಲ ನೀನೇ ಹಚ್ಚಿದ್ದು."

ಪರೀಕ್ಷಕಿ ಮನೆಗೆ ಬರುವ ದಿನ ಡೆನಿಸ್ ಬೆಳಗಿನಿಂದ ಮನೆ ತಿಕ್ಕಿದ್ದಳು. ಗೇನರ್‌ಳ ಕೂದಲು ಬಾಚಿ, ಒಳ್ಳೆಯ ಕಪ್ಪುಗಳನ್ನು ಹೊರತೆಗೆದು, ಚಹಾದ ಜೊತೆ ಕೇಕ್ ಇಟ್ಟಿದ್ದಳು. ಹೊರಗಿನವರ ಮುಂದೆ ಮನೆ ಬಡವಾಗಿ ಕಾಣಬಾರದಲ್ಲ.

ವಿಚಾರಣೆಯ ಕೋಣೆಯಲ್ಲಿ ಮಂಡಳಿಯ ಮೂವರು ಸದಸ್ಯರಿದ್ದರು. ಮಧ್ಯದಲ್ಲಿ ಬಿಳಿಗೂದಲಿನ ನ್ಯಾಯಾಧೀಶೆ, ಒಂದು ಪಕ್ಕ ವೈದ್ಯರು, ಇನ್ನೊಂದು ಪಕ್ಕದಲ್ಲಿ ಊರುಗೋಲನ್ನು ಮೇಜಿಗೆ ಒರಗಿಸಿಟ್ಟ ಹೆಂಗಸು. ನ್ಯಾಯಾಧೀಶೆಯ ದನಿಯಲ್ಲಿ ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ.

"ನಿಮಗೆ ಒಂದು ಎಚ್ಚರಿಕೆ ಹೇಳಲೇಬೇಕು. ನೀವು ಅವಧಿಯ ಬಗ್ಗೆ ಮಾತ್ರ ಕೇಳಿದ್ದೀರಿ. ನಾವು ಎಲ್ಲವನ್ನೂ ಹೊಸದಾಗಿ ನೋಡಬಹುದು. ಭತ್ಯೆ ಕಡಿಮೆಯಾಗಬಹುದು, ನಿಂತೂ ಹೋಗಬಹುದು. ಬೇಕಿದ್ದರೆ ಮನವಿ ಹಿಂತೆಗೆದುಕೊಳ್ಳಿ. ಹೊರಗೆ ಹೋಗಿ ಯೋಚಿಸಿ ಬನ್ನಿ."

ಹಜಾರದಲ್ಲಿ ಡೆನಿಸ್ ಅಕ್ಕನ ಮುಖಕ್ಕೆ ಮುಖ ತಂದಳು. "ಕೇಳಿಸ್ಕೊಂಡ್ಯಾ? ಈಗ್ಲಾದ್ರೂ ನಡಿ ಮನೆಗೆ. ಕಾರು ಹೋದ್ರೆ ನಿನ್ನನ್ನ ಗುಡ್ಡ ಹತ್ತಿಸೋರು ಯಾರು, ನಾನು. ಬೆನ್ನು ಮುರಿಯೋದು ಯಾರ್ದು, ನಂದು. ನಿಂಗೆ ನಿನ್ನ ಹಟವೇ ದೊಡ್ಡದು."

"ನಂಗೆ ದುಡ್ಡಿನ ಚಿಂತೆ ಇಲ್ವಾ? ಇದೆ," ಎಂದಳು ಗೇನರ್. "ಆದ್ರೆ ಪ್ರತಿ ಸಲ ಗುರುತಿಲ್ಲದೋರು ಬಂದು ನೀನು ಒಳಉಡುಪು ಹಾಕ್ಕೋತೀಯಾ, ತೊಳ್ಕೋತೀಯಾ ಅಂತ ಕೇಳ್ತಾರಲ್ಲ, ಉತ್ತರ ಕೊಡೋಳು ನಾನು. ಅವರು ಹೋದ ಮೇಲೆ ಮುಂದಿನ ಸಲ ಯಾವಾಗ ಅಂತ ಕಾಯೋಳೂ ನಾನು. ಕಾಯಿಲೆ ಇದೆ ಅಂತ ಪರೀಕ್ಷೆ ಬರೆದು ಬರೆದು ಸಾಕಾಗಿದೆ ಕಣೇ. ನೆಮ್ಮದಿಯಾಗಿ ಕಾಯಿಲೆಯವಳಾಗಿ ಇರೋಕಾದ್ರೂ ಬಿಡಿ ನನ್ನ."

ಅವಳೇ ಗೋಡೆ ಹಿಡಿದು ತಿರುಗಿ, ಒಳಗೆ ನಡೆದಳು. ಡೆನಿಸ್ ಕೈಚೀಲ ಎತ್ತಿಕೊಂಡು ಹಿಂಬಾಲಿಸಿದಳು.

ನ್ಯಾಯಾಧೀಶೆ ಪರೀಕ್ಷಕಿಯ ವರದಿಯಿಂದ ಓದಿದರು. "'ಬೇಸಿಗೆಗೆ ಸರಿಹೋಗುತ್ತಾಳೆ ಎಂದು ಮನೆಯವರು ತಿಳಿಸಿದರು.' ಎರಡು ವರ್ಷದಲ್ಲಿ ಸುಧಾರಣೆ ನಿರೀಕ್ಷಿಸಬಹುದು ಎಂದು ಇಲಾಖೆ ಹೇಳುವುದು ಇದರ ಆಧಾರದ ಮೇಲೆ."

ಡೆನಿಸ್ ತಲೆ ತಗ್ಗಿಸಿದಳು. ಚಹಾ ಬಗ್ಗಿಸುತ್ತಾ ತಾನಾಡಿದ ಮಾತದು. ಅಕ್ಕ ಇಷ್ಟು ದಿನ ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ.

ಊರುಗೋಲಿನ ಹೆಂಗಸು ಗೇನರ್‌ಳತ್ತ ಬಾಗಿದರು. "ಈ ಬೆಳಿಗ್ಗೆ ನಿಮ್ಮ ಶೂ ಹಾಕಿದ್ದು ಯಾರು?"

"ಏನೋ ನಿಧಾನಕ್ಕೆ ನಿಭಾಯಿಸ್ತೀನಿ," ಎಂದಳು ಗೇನರ್. ಇಷ್ಟು ಹೋರಾಡಿ ಬಂದವಳ ಬಾಯಲ್ಲೂ ಅದೇ ಮಾತು. "ದೂರೋ ಅಂಥದ್ದೇನೂ..."

"ನಾನು ಹಾಕಿದ್ದು," ಎಂದಳು ಡೆನಿಸ್.

ಎಲ್ಲರೂ ಅವಳತ್ತ ನೋಡಿದರು.

"ಅವಳ ಬೆರಳಿಗೆ ಗುಂಡಿ ಸಿಕ್ಕಲ್ಲ. ಸ್ನಾನ ನಾನು ಮಾಡಿಸ್ತೀನಿ. ತಟ್ಟೇಲಿ ಮಾಂಸ ನಾನು ಕತ್ತರಿಸಿ ಕೊಡ್ತೀನಿ. ಮೆಟ್ಟಿಲನ್ನ ಕೂತ್ಕೊಂಡೇ ಹಿಂದಕ್ಕೆ ಹಿಂದಕ್ಕೆ ಹತ್ತುತ್ತಾಳೆ, ನಮ್ಮಮ್ಮನ ಹಾಗೆ. ಬೇಸಿಗೆಗೆ ಸರಿಹೋಗ್ತಾಳೆ ಅಂದಿದ್ದೂ ನಾನೇ. ಆ ಮೇಡಂ ಚಹಾ ಕುಡೀತಿದ್ರು. ಮನೆಗೆ ಬಂದೋರಿಗೆ ಮತ್ತೇನು ಹೇಳೋದು? ಅಮ್ಮನನ್ನ ಆಂಬುಲೆನ್ಸಿಗೆ ಹತ್ತಿಸುವಾಗ ಪಕ್ಕದ ಮನೆಯೋರು ಹೇಗಿದ್ದೀಯ ಅಂದ್ರು. ಪರವಾಗಿಲ್ಲ, ನಿಮ್ಮ ಮಂಡಿನೋವು ಹೇಗಿದೆ ಅಂದ್ಲು ಅಮ್ಮ. ವಾಪಸ್ ಬರಲಿಲ್ಲ." ಅವಳು ಅಕ್ಕನತ್ತ ತಿರುಗಿದಳು. "ಇವಳು ಸರಿಹೋಗಲ್ಲ. ಹೆಚ್ಚಾಗುತ್ತೆ, ಅಷ್ಟೇ."

ಗೇನರ್ ಮೇಜನ್ನೇ ನೋಡುತ್ತಿದ್ದಳು. ಕಿವಿಯವರೆಗೆ ಕೆಂಪೇರಿತ್ತು.

ಮತ್ತೆ ಹೊರಗೆ ಕೂರಿಸಿ, ಮತ್ತೆ ಒಳಗೆ ಕರೆದರು. ಭತ್ಯೆ ಹಾಗೆಯೇ ಮುಂದುವರಿಯುತ್ತದೆ, ಅವಧಿಯ ಮಿತಿ ಇರುವುದಿಲ್ಲ, ಹತ್ತು ವರ್ಷದ ನಂತರ ಒಂದು ಸಣ್ಣ ವಿಚಾರಣೆ ಇರಬಹುದು ಎಂದರು ನ್ಯಾಯಾಧೀಶೆ, ಅದೇ ದನಿಯಲ್ಲಿ.

ಕಾರು ಊರಿಗೆ ಹತ್ತಿರವಾದಾಗ ಗೇನರ್ ಕೇಳಿದಳು. "ಸ್ನಾನದ ವಿಷಯ ಹೇಳಬೇಕಿತ್ತಾ, ಆ ಗಂಡಸು ಡಾಕ್ಟರ್ ಮುಂದೆ?"

"ಹೇಳಬೇಕಿತ್ತು."

"ಮುಂದಿನ ಸಲ ನಿನ್ನ ಮೂಲವ್ಯಾಧಿ ಬಗ್ಗೆ ನಾನು ಹೇಳ್ತೀನಿ."

"ಹತ್ತು ವರ್ಷ ಕಾಯ್ಬೇಕು ನೀನು."

ಗೇನರ್ ನಗು ಕಾಣದಂತೆ ಕಿಟಕಿಯತ್ತ ಮುಖ ತಿರುಗಿಸಿದಳು. ಡೆನಿಸ್ ಹಿಂದಿನ ಓಣಿಗೆ ತಿರುಗಲಿಲ್ಲ. ನೇರವಾಗಿ ಮುಂದಿನ ಬೀದಿಗೆ ಬಂದು, ಬಾಗಿಲ ಮುಂದೆಯೇ ಕಾರು ನಿಲ್ಲಿಸಿದಳು.

"ಇಲ್ಯಾಕೆ?" ಎಂದಳು ಗೇನರ್. "ಎಲ್ಲರೂ ನೋಡ್ತಾರೆ."

"ನೋಡ್ಲಿ."

ಕಾಲಿನ್ ಖಾಲಿ ಡಬ್ಬಿಯನ್ನು ಒಳಗೆಳೆಯುತ್ತಿದ್ದ. "ಏನು, ಸಮುದ್ರದ ಗಾಳಿ ಚೆನ್ನಾಗಿತ್ತಾ? ಹೇಗಿದ್ದಾಳೆ ಅಕ್ಕ?"

ಪರವಾಗಿಲ್ಲ ಎಂಬ ಮಾತು ಡೆನಿಸ್‌ಳ ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅವಳು ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಅಕ್ಕನ ಕಾಲನ್ನು ಎರಡೂ ಕೈಯಿಂದ ಎತ್ತಿ ರಸ್ತೆಯ ಮೇಲಿಟ್ಟಳು. ಬೀದಿಗೆಲ್ಲ ಕಾಣುವಂತೆ.

"ಚೆನ್ನಾಗಿಲ್ಲ," ಎಂದಳು. "ಆಗೋದೂ ಇಲ್ಲ. ನಿಂತ್ಕೊಂಡು ನೋಡ್ಬೇಡ, ಬಾ, ಆ ಕಡೆಯ ತೋಳು ಹಿಡ್ಕೊ."

ಕಾಲಿನ್ ಡಬ್ಬಿಯನ್ನು ಅಲ್ಲೇ ಬಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ರಸ್ತೆ ದಾಟಿ ಬಂದ.