ಬಿಳಿ ಕಲ್ಲಿನ ಸುತ್ತು

ಹುಣಸೆಬೀಜದ ಗಂಜಿ ಹಚ್ಚಿದ ಕಂಬಳಿ ಬಿಸಿಲಿಗೆ ಒಣಗುವಾಗ ಒಂದು ಹುಳಿವಾಸನೆ ಬರುತ್ತದೆ. ನನ್ನ ಬಾಲ್ಯಕ್ಕೆಲ್ಲ ಅದೇ ವಾಸನೆ. ಬೇಸಿಗೆ ಮುಗಿಯುವ ಹೊತ್ತಿಗೆ ಕುರುಬರ ಜಕ್ಕಪ್ಪ ಬೀಳಗಿ ಕಡೆಯ ನಮ್ಮ ಎರೆಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ. ಆ ಕಂಬಳಿಯ ಮೇಲೆ ಕೂರಿಸಿಕೊಂಡು ನನಗೆ ಹಕ್ಕಿ ತೋರಿಸುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಎರೆಲಡ್ಡು. ಮದುವೆಗೆ ಬಂದ ಹಿರಿಯರಂತೆ ಕತ್ತೆತ್ತಿ ನಡೆಯುವ ಹಕ್ಕಿ. ಇಡುವುದು ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಕುರಿ ತುಳಿಯದಿರಲೆಂದು ಜಕ್ಕಪ್ಪ ಅದರ ಸುತ್ತ ದೂರದಲ್ಲಿ ಬಿಳಿ ಕಲ್ಲು ಇಟ್ಟು, ಹಿಂಡನ್ನು ಅರ್ಧ ಮೈಲಿ ಬಳಸಿ ಒಯ್ಯುತ್ತಿದ್ದ.

ಕಾಲೇಜು ಮುಗಿಸಿ ನಾನು ಜಮಖಂಡಿಯಲ್ಲಿ ಸಾಲಿ ಕಲಿಸುತ್ತಿದ್ದೆ. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದಿತ್ತು. ಬಂದೂಕುಗಳು ಮಾತ್ರ ಹೋಗಿರಲಿಲ್ಲ. ಪ್ರತಿ ಮೇ ತಿಂಗಳು ಒಂದು ವಾರಪತ್ರಿಕೆಗೆ ಕಂಡ ಹಕ್ಕಿಗಳ ಪಟ್ಟಿ ಕಳಿಸುತ್ತಿದ್ದೆ. ಹಿಪ್ಪರಗಿಯ ಹೊಳೆಮರಳಿನಲ್ಲಿ ರೀವ ಹಕ್ಕಿ ನಲವತ್ತು, ಮುಧೋಳದ ಬೇವಿನ ಮರದಲ್ಲಿ ಚಾತಕ ಒಂದು, ಹೀಗೆ. ೧೯೫೩ರಲ್ಲಿ ಜಂಬದಿಂದ ಇನ್ನೊಂದು ಸಾಲು ಸೇರಿಸಿದೆ: ನಮ್ಮ ಹೊಲದ ಪಕ್ಕದ ಹುಲ್ಲಿನಲ್ಲಿ, ಬಿಳಿ ಕಲ್ಲಿನ ಸುತ್ತಿನೊಳಗೆ, ಎರೆಲಡ್ಡು.

ಅದು ಅಚ್ಚಾದ ಎಂಟನೇ ದಿನ, ಅದನ್ನೇ ಓದಿಕೊಂಡು, ಬೇಟೆಯ ಹುಚ್ಚಿನ ವಿಠೋಬಾ ಇನಾಮದಾರ ಜೀಪಿನಲ್ಲಿ ಬಂದ. ಕಲ್ಲು ಹುಡುಕಿ, ಮೊಟ್ಟೆಯ ಮೇಲೆ ಕೂತ ಹಕ್ಕಿಗೇ ಗುಂಡು ಹಾಕಿದ. ಮುಂದೆ ಸಾಲಿಯ ಸಮಾರಂಭದಲ್ಲಿ ಎಲ್ಲರೆದುರು ನಕ್ಕ: “ಅಕ್ಕೋರ, ನಿಮ್ಮ ಬರಹ ಭಾಳ ಛಲೋ ಇತ್ತರಿ. ಸಾರೂ ಛಲೋ ಆತು.”

ಜಕ್ಕಪ್ಪ ಎಂದಿನಂತೆ ನನಗೆ ಕಂಬಳಿ ಹಾಸಿಕೊಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುವರ್ಷ ಹಳ್ಳದಾಚೆ, ಗಿಡವಿಲ್ಲದ, ನೀರಿಲ್ಲದ, ಜೀಪು ಹೋಗದ ಜಾಗ ಆರಿಸಿದೆ. ಒಂದೊಂದೇ ಬಿಳಿ ಕಲ್ಲು ಹೊತ್ತು ನಾನೇ ಸುತ್ತು ಇಟ್ಟೆ. ನಡುವೆ ಮೊಟ್ಟೆಯಂಥ ಹೊಳೆಗಲ್ಲು. ಆಮೇಲೆ, ಅಲ್ಲಿ ಎರೆಲಡ್ಡು ಕೂತಿದೆಯೆಂದು ಪತ್ರಿಕೆಗೆ ಬರೆದೆ. ಇನಾಮದಾರನ ನಾಲಗೆ ಒಣಗಲಿ, ಅಲ್ಲೇ ಬೀಳಲಿ ಎಂದೇ ಬರೆದೆ.

ಅವನು ಬಂದ ದಿನ ನಾನು ಜಕ್ಕಪ್ಪನ ಹಟ್ಟಿಯಲ್ಲಿ ಕೂತು ನೋಡುತ್ತಿದ್ದೆ. ಮುಂಜಾನೆಯಿಂದ ಇನಾಮದಾರ ಒಬ್ಬನೇ, ಬಂದೂಕು ಹಿಡಿದು, ಹಕ್ಕಿ ಮೊಟ್ಟೆಗೆ ಮರಳುವುದನ್ನು ಕಾಯುತ್ತ ಸುತ್ತಿನ ಪಕ್ಕ ಬೋರಲು ಮಲಗಿದ್ದ. ಮಧ್ಯಾಹ್ನ ಎದ್ದು ನಿಂತ. ನಾಲ್ಕು ಹೆಜ್ಜೆಗೆ ಕುಸಿದ.

“ಪದ್ಮವ್ವ,” ಜಕ್ಕಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದ, “ಆ ಕಲ್ಲು ನಾ ಇಟ್ಟದ್ದಲ್ಲ.”

“ನಾ ಇಟ್ಟೇನಿ.”

“ಅಲ್ಲಿ ಹಕ್ಕಿ ಐತೇನು?”

“ಇಲ್ಲ. ಬೀಳಲಿ ಬಿಡು ಕಾಕಾ. ನಿನ್ನ ಹಕ್ಕಿ ಹೊಡದಂವ.”

ಜಕ್ಕಪ್ಪ ನೀರಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ತಿರುಗಿ ಬಂದಾಗ ಇನಾಮದಾರ ಅವನ ಬೆನ್ನ ಮೇಲಿದ್ದ. ಜಕ್ಕಪ್ಪನ ಹೆಂಡತಿ ಮಾಯವ್ವ ಇನಾಮದಾರನ ತಲೆಗೆ ಒದ್ದೆ ಬಟ್ಟೆ ಸುತ್ತಿ, ಚಮಚೆಯಿಂದ ಮಜ್ಜಿಗೆ ಹನಿಸಿದಳು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ನನ್ನನ್ನು ಗುರುತಿಸಿದ.

“ಅಕ್ಕೋರ… ನೀವು?”

“ಹೌದರಿ. ಈ ಸಲದ ಬರಹಾನೂ ಛಲೋ ಇತ್ತಿಲ್ಲರಿ?”

ಅವನು ತಲೆ ತಗ್ಗಿಸಿದ. ವರ್ಷವಿಡೀ ಕಾಯ್ದಿಟ್ಟ ಮಾತುಗಳು ಇನ್ನೂ ಇದ್ದವು, ಬಾಯಿ ತೆರೆದೆ.

ಅಷ್ಟರಲ್ಲಿ ಜಕ್ಕಪ್ಪ ತನ್ನ ಬುತ್ತಿ ಬಿಚ್ಚಿದ. ತನಗೆಂದು ಇದ್ದ ಒಂದೇ ರೊಟ್ಟಿ ಮುರಿದು, ಶೇಂಗಾ ಚಟ್ನಿ ಇಟ್ಟು, ಅರ್ಧ ಅವನ ಕೈಗೆ ಕೊಟ್ಟ. ಇನ್ನರ್ಧ, ತನಗೆ ಚೂರೂ ಉಳಿಸಿಕೊಳ್ಳದೆ, ನನ್ನ ಕೈಗೆ.